ಕೆಮ್ಮೇ ಇಲ್ಲದ ನಾಯಿಕೆಮ್ಮು

ಬಿಟ್ಟೂಬಿಡದೆ ಕೆಮ್ಮು, ಕೆಂಪೇರುವ ಮುಖ, ಕೊನೆಗೆ ಉಸಿರೆಳೆದುಕೊಳ್ಳುವಾಗ ‘ಹೂಪ್’ ಎಂಬ ಸದ್ದು. ನಾಯಿಕೆಮ್ಮು ಎಂದರೆ ನಮಗೆ ನೆನಪಾಗುವುದು ಇದೇ. ಹಸುಗೂಸಿಗೆ ಅದು ತಗುಲಿದಾಗ ಈ ಸದ್ದುಗದ್ದಲ ಇಲ್ಲದಿರಬಹುದು. ಕೂಸು ಹಾಲು ಬಿಡುತ್ತದೆ, ನಡುನಡುವೆ ಉಸಿರು ನಿಲ್ಲುತ್ತದೆ, ತುಟಿ ನೀಲಿಗಟ್ಟುತ್ತದೆ. ಎಷ್ಟೋ ಸಲ ಜ್ವರವೂ ಇರುವುದಿಲ್ಲ. ‘ಪಾಪ, ಸುಮ್ಮನೆ ಮಲಗಿದೆ’ ಎಂದು ಮನೆಮಂದಿ ನೆಮ್ಮದಿಯಾಗಿರುವಾಗಲೇ ಕಾಯಿಲೆ ಬಲಿತಿರುತ್ತದೆ.

ಇದರ ಬ್ಯಾಕ್ಟೀರಿಯಾವನ್ನು ಬೆಲ್ಜಿಯಂನ ಜೂಲ್ ಬೋರ್ಡೆ ಮತ್ತು ಒಕ್ಟಾವ್ ಜೆಂಗು 1906ರಲ್ಲಿ ಬೇರ್ಪಡಿಸಿದರು. ಶ್ವಾಸನಾಳದ ನವಿರು ರೋಮಗಳಿಗೆ ಅಂಟಿಕೊಂಡು ಅದು ಒಂದು ವಿಷವನ್ನು ಸ್ರವಿಸುತ್ತದೆ. ಸೋಂಕು ಕಂಡಲ್ಲಿಗೆ ಬಿಳಿ ರಕ್ತಕಣಗಳು ರಕ್ತನಾಳ ದಾಟಿ ಧಾವಿಸಬೇಕು. ಈ ವಿಷ ಆ ದಾರಿಯನ್ನೇ ಮುಚ್ಚುತ್ತದೆ. ಹೊರಟ ಸೈನ್ಯ ಬೀದಿಯಲ್ಲೇ ಸಿಕ್ಕಿಕೊಂಡಂತೆ ಕಣಗಳು ರಕ್ತದಲ್ಲೇ ತುಂಬಿಕೊಳ್ಳುತ್ತವೆ. ತೀವ್ರ ಸೋಂಕಿನಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅವುಗಳ ಎಣಿಕೆ ಲಕ್ಷ ಮುಟ್ಟುವುದುಂಟು. ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಅವು ಒತ್ತೊತ್ತಾಗಿ ಸೇರಿದರೆ ಪುಟ್ಟ ಹೃದಯ ಸೋಲುತ್ತದೆ. ಹೋರಾಡಬೇಕಾದ ಕಣಗಳೇ ಕುತ್ತಾಗುವ ವಿಪರ್ಯಾಸವಿದು.

ಹಾಗೆಂದು ಕೂಸಿನ ರೋಗನಿರೋಧಕ ವ್ಯವಸ್ಥೆ ಖಾಲಿ ಎನ್ನುವುದು ತಪ್ಪು. ಒಂಬತ್ತು ತಿಂಗಳು ತಾಯಿಯ ಒಡಲೊಳಗೆ, ಅರ್ಧ ಪರಕೀಯವಾಗಿಯೇ, ಜಗಳವಿಲ್ಲದೆ ಬಾಳಿದ ಜೀವ ಅದು. ಹುಟ್ಟಿದ ಮೇಲೂ ಕರುಳಲ್ಲಿ ನೆಲೆಯೂರುವ ಕೋಟ್ಯಂತರ ಸೂಕ್ಷ್ಮಜೀವಿಗಳ ಮೇಲೆಲ್ಲ ಮುರಕೊಂಡು ಬಿದ್ದರೆ ಕೆಟ್ಟಿತು. ಆದ್ದರಿಂದ ಉರಿಯೂತಕ್ಕೆ ಕಡಿವಾಣವಿದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ದಾಸ್ತಾನು ಕಡಿಮೆ, ಅವುಗಳ ಓಟವೂ ನಿಧಾನ. ಜಾಣತನದ ಈ ಸಂಯಮವೇ ಶ್ವಾಸಕೋಶದ ಸೋಂಕಿನಲ್ಲಿ ದುಬಾರಿಯಾಗುತ್ತದೆ.

ಆ ಕೊರತೆಯನ್ನು ತುಂಬುವವಳು ತಾಯಿ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಅವಳ ಐಜಿಜಿ ಪ್ರತಿಕಾಯಗಳು ಮಾಸಿನ ಮೂಲಕ ಕೂಸಿಗೆ ಭರದಿಂದ ದಾಟುತ್ತವೆ. ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ಈ ಪಾಲು ಕಡಿಮೆ. ಎದೆಹಾಲಿನ ಐಜಿಎ ಪ್ರತಿಕಾಯ ಬಾಯಿ, ಗಂಟಲು, ಕರುಳಿನ ಒಳಪೊರೆಯನ್ನು ಕಾಯುತ್ತದೆ. ಆದರೆ ತಾಯಿಯಲ್ಲೇ ನಾಯಿಕೆಮ್ಮಿನ ಪ್ರತಿಕಾಯ ಸವೆದಿದ್ದರೆ ಅವಳಾದರೂ ಏನು ಕೊಟ್ಟಾಳು? ನಮ್ಮಲ್ಲಿ ಮಗುವಿಗೆ ನಾಯಿಕೆಮ್ಮಿನ ಲಸಿಕೆಯೂ ಸೇರಿರುವ ಮೊದಲ ಪೆಂಟಾವಲೆಂಟ್ ಚುಚ್ಚುಮದ್ದು ಸಿಗುವುದೇ 6 ವಾರಕ್ಕೆ.

ಬ್ರಿಟನ್ನಿನಲ್ಲಿ 2012ರಲ್ಲಿ ನಾಯಿಕೆಮ್ಮು ಉಲ್ಬಣಿಸಿ ಎಳೆಗೂಸುಗಳು ಸತ್ತಾಗ ಅಲ್ಲಿನವರು ಆ ಅಕ್ಟೋಬರಿನಿಂದ ಗರ್ಭಿಣಿಯರಿಗೇ ಲಸಿಕೆ ಹಾಕತೊಡಗಿದರು. ಲಸಿಕೆ ಪಡೆದ ತಾಯಂದಿರ ಕೂಸುಗಳಿಗೆ ಸುಮಾರು ಶೇ 90ರಷ್ಟು ರಕ್ಷಣೆ ಸಿಕ್ಕಿದ್ದು ಮುಂದೆ ದಾಖಲಾಯಿತು. ನಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಗರ್ಭಿಣಿಗೆ ಸಿಗುವುದು ಟಿಡಿ. ಧನುರ್ವಾಯು, ಗಂಟಲುಮಾರಿಗೆ ಅಷ್ಟೇ. ನಾಯಿಕೆಮ್ಮಿನ ಅಂಶವೂ ಇರುವ ಟಿಡ್ಯಾಪ್ ಬೇಕೆಂದರೆ ಖಾಸಗಿಯಾಗಿ ದುಡ್ಡು ತೆರಬೇಕು. ಇದನ್ನು ದುಡ್ಡಿದ್ದವರ ಆಯ್ಕೆಯಾಗಿ ಬಿಟ್ಟಿರುವುದು ನನಗಂತೂ ಸರಿಕಾಣದು.

ಸೋಂಕು ಕೂಸಿಗೆ ಬರುವುದು ಹೆಚ್ಚಾಗಿ ಮನೆಯವರಿಂದಲೇ. ತಿಂಗಳಿಂದ ಕೆಮ್ಮುತ್ತ ‘ಹವಾಮಾನದ್ದು’ ಎನ್ನುವ ಮಾವನೋ, ಶಾಲೆಗೆ ಹೋಗುವ ಅಕ್ಕನೋ ಸಾಕು. ಬಾಣಂತಿ ಮನೆಗೆ ಬರುವ ಆಶಾ ಕಾರ್ಯಕರ್ತೆ ಕೂಸಿನ ಬಟ್ಟೆ ಸರಿಸಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾಳೆ. 60 ಅಥವಾ ಅದಕ್ಕೂ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸುತ್ತಾಳೆ, ಏಕೆಂದರೆ ಎಳೆಗೂಸಿನ ಉಸಿರಿಗೆ ಒಂದೇ ಲಯವಿಲ್ಲ. ಎರಡನೇ ಸಲವೂ ಅಷ್ಟೇ ಬಂದರೆ, ಇಲ್ಲವೇ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಕೆಮ್ಮು ಇರಲಿ ಬಿಡಲಿ, ಆಸ್ಪತ್ರೆಗೆ ಹೊರಡಲೇಬೇಕು.