ಪ್ರಮಾಣವಚನದ ಊರು ಬದಲಿಸಿಕೊಳ್ಳಬಹುದಾ? ನಜರ್‌ಬಾದಿನಿಂದ ಬಂದ ಒಂದು ಪ್ರಶ್ನೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ಸಂಕ್ಷೇಪಿಸಲಾಗಿದೆ.)

ಈ ವಾರದ ಪ್ರಶ್ನೆ ಬಂದಿರೋದು ಎಲ್ಲೋ ದೂರದಿಂದಲ್ಲ, ಇಲ್ಲೇ ಮೈಸೂರಿನ ನಜರ್‌ಬಾದಿನಿಂದ, ನಮ್ಮ ಪಕ್ಕದ ರಸ್ತೆಯ ನಿವೃತ್ತ ಮೇಷ್ಟ್ರಿಂದ. ಅವರ ಮನೆಯವರು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಏಳು ವರ್ಷದಿಂದ ಅಮೆರಿಕದಲ್ಲಿ ಮಗನ ಜೊತೆ ಇದ್ದಾರೆ, ಗ್ರೀನ್ ಕಾರ್ಡ್ ಇದೆ. ಮೇಷ್ಟ್ರು ಮಾತ್ರ ‘ನನಗೆ ಈ ಊರೇ ಸಾಕು’ ಅಂತ ಇಲ್ಲೇ ಉಳಿದೋರು. ಆ ಅಮ್ಮನಿಗೆ ಅಮೆರಿಕದ ಪೌರತ್ವದ ಸಂದರ್ಶನ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಆಯ್ತು, ಪಾಸೂ ಆದ್ರು. ಅಷ್ಟರಲ್ಲಿ ಮಗನಿಗೆ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಕೆಲಸ ಸಿಕ್ತು, ಸಂಸಾರ ಅಲ್ಲಿಗೆ ಹೋಯ್ತು. ಆಮೇಲೆ ಪ್ರಮಾಣವಚನಕ್ಕೆ ಪತ್ರ ಬಂತು: ಇಂಥ ದಿನ ಸ್ಯಾನ್ ಹೋಸೆಗೆ ಬನ್ನಿ ಅಂತ. ಮೂರು ವಾರ ಟೈಮ್ ಇದೆ. ಆಕೆಗೆ ಮಂಡಿ ನೋವು ಬೇರೆ.

ಮೇಷ್ಟ್ರು ಕೇಳಿದ್ದು ಎರಡು. ‘ಏನಪ್ಪಾ, ಡಲ್ಲಾಸ್‌ನಲ್ಲೇ ಪ್ರಮಾಣ ತಗೊಳ್ಳೋಕಾಗಲ್ವಾ? ಅದಾಗದಿದ್ರೆ, ದಸರಾಗೆ ಹೇಗೂ ಬರ್ತಾಳೆ, ಚೆನ್ನೈ ಕಾನ್ಸುಲೇಟ್‌ಗೆ ಕರ್ಕೊಂಡು ಹೋಗ್ತೀನಿ. ಅಲ್ಲೇ ಮಾಡಿಸಬಹುದಾ?’

ಎರಡನೇದಕ್ಕೆ ಉತ್ತರ ಸುಲಭ. ಆಗಲ್ಲ. ಅಮೆರಿಕದ ಪೌರತ್ವದ ಪ್ರಮಾಣವನ್ನು ಅಮೆರಿಕದ ನೆಲದಲ್ಲೇ ತಗೋಬೇಕು. ವಿದೇಶದಲ್ಲಿ ತಗೊಳ್ಳೋ ಅವಕಾಶ ಇರೋದು ಅಲ್ಲಿನ ಸೇನೆಯಲ್ಲಿರೋರಿಗೆ, ಅವರ ಕುಟುಂಬದ ಕೆಲವರಿಗೆ. ಕಾನ್ಸುಲೇಟ್‌ನಲ್ಲಿ ವೀಸಾ ಕೊಡ್ತಾರೆ, ಪಾಸ್‌ಪೋರ್ಟ್ ಕೊಡ್ತಾರೆ ನಿಜ, ಆದ್ರೆ ನಮ್ಮಂಥೋರಿಗೆ ಅಲ್ಲಿ ಪ್ರಮಾಣ ಮಾಡಿಸಲ್ಲ.

ಮೊದಲನೇ ಪ್ರಶ್ನೆಗೆ ಸ್ವಲ್ಪ ಬಿಡಿಸಿ ಹೇಳ್ಬೇಕು. ನಾನು ವಕೀಲ ಅಲ್ಲ, ನಿಯಮ ಓದಿ ಹೇಳ್ತಿದೀನಿ, ಅದನ್ನ ಮನಸ್ಸಲ್ಲಿಟ್ಕೊಂಡು ಕೇಳಿ.

ಪೌರತ್ವಕ್ಕೆ ಹಾಕೋ ಅರ್ಜಿಗೆ ಎನ್-400 ಅಂತ ಹೆಸರು. ಅದನ್ನ ನೋಡಿಕೊಳ್ಳೋ ಇಲಾಖೆ ಯುಎಸ್‌ಸಿಐಎಸ್. ಸಂದರ್ಶನ ಯಾವ ಕಚೇರಿಯಲ್ಲಿ, ಪ್ರಮಾಣ ಎಲ್ಲಿ ಅನ್ನೋದೆಲ್ಲ ನೀವು ವಾಸ ಇರೋ ವಿಳಾಸ ನೋಡಿ ನಿರ್ಧಾರ ಆಗತ್ತೆ. ಅಂದ್ರೆ ನಿಮಗೆ ಇಷ್ಟವಾದ ಊರು ಆರಿಸಿಕೊಳ್ಳೋ ಪದ್ಧತಿ ಇಲ್ಲ. ಆದ್ರೆ ಮನೆ ನಿಜವಾಗಿ ಬದಲಾದ್ರೆ ಫೈಲು ಹೊಸ ಊರಿನ ಕಚೇರಿಗೆ ಹೋಗಬಹುದು. ಮನೆ ಬದಲಿಸಿದ 10 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು ಅನ್ನೋದು ಅಲ್ಲಿ ಕಾನೂನು. ಆನ್‌ಲೈನ್ ಖಾತೆಯಲ್ಲೇ ಮಾಡಬಹುದು, ಇಲ್ಲಾಂದ್ರೆ ಎಆರ್-11 ಅನ್ನೋ ಫಾರ್ಮ್ ಇದೆ. ಅಂಚೆ ಕಚೇರಿಗೆ ‘ನನ್ನ ಕಾಗದ ಹೊಸ ಮನೆಗೆ ಕಳಿಸಿ’ ಅಂತ ಹೇಳಿದ್ರೆ ಇಲಾಖೆಗೆ ಹೇಳಿದ ಹಾಗಾಗಲ್ಲ. ಮೇಷ್ಟ್ರ ಮಗ ಮಾಡಿದ್ದು ಅಷ್ಟೇ. ಅದಕ್ಕೇ ಪತ್ರ ಹಳೇ ಮನೆ ಸುತ್ತಿ ಬಂತು.

ಪ್ರಮಾಣಕ್ಕೆ ಕರೆಯೋ ಪತ್ರ ಎನ್-445. ನಿಗದಿಯಾದ ದಿನ ಅಥವಾ ಜಾಗಕ್ಕೆ ಬರೋಕಾಗದಿದ್ರೆ ಆ ಪತ್ರವನ್ನೇ ಒಂದು ಕೋರಿಕೆಯ ಕಾಗದದ ಜೊತೆ, ಕರೆದ ಕಚೇರಿಗೆ ವಾಪಸ್ ಕಳಿಸಬೇಕು. ನಮ್ಮೋರು ಅರ್ಜಿ ಬರೆಯೋಕೆ ಕೂತ್ರೆ ‘ಮಾನ್ಯರೇ’ಯಿಂದ ಶುರುವಾಗಿ ಮೊಮ್ಮಗನ ಸ್ಕೂಲ್ ತನಕ ಹೋಗತ್ತೆ. ಅದೆಲ್ಲ ಬೇಡ. ಹೆಸರು, ಗ್ರೀನ್ ಕಾರ್ಡ್ ಮೇಲಿರೋ ‘ಎ’ ನಂಬರು, ಕರೆದಿರೋ ದಿನ ಮತ್ತು ಜಾಗ, ಹೊಸ ವಿಳಾಸ, ಯಾವತ್ತಿನಿಂದ ಅಲ್ಲಿದೀರಿ, ಯಾವ ಕಚೇರಿಗೆ ಫೈಲು ಹೋಗಬೇಕು, ಯಾಕೆ. ಅರ್ಧ ಪುಟ ಸಾಕು. ಬಾಡಿಗೆ ಕರಾರು ಅಥವಾ ಕರೆಂಟ್ ಬಿಲ್ಲು, ಡಾಕ್ಟರ ಪತ್ರ ಇದ್ರೆ ಅದು, ಜೊತೆಗಿಡಿ. ಎಲ್ಲದರ ಫೋಟೋ ತೆಗೆದಿಟ್ಕೊಳ್ಳಿ, ತಲುಪಿದ್ದು ಗೊತ್ತಾಗೋ ಹಾಗೆ ಕಳಿಸಿ.

ಮಾಡಬಾರದ ಕೆಲಸ ಒಂದೇ: ಸುಮ್ಮನೆ ಹೋಗದೆ ಇರೋದು. ‘ಹೋಗದಿದ್ರೆ ಇನ್ನೊಂದು ದಿನ ಕೊಡ್ತಾರೆ ಬಿಡಿ’ ಅನ್ನೋ ಮಾತು ನಮ್ಮ ಜನರ ಬಾಯಲ್ಲಿ ಬಹಳ ಕೇಳ್ತೀನಿ. ಸರಿಯಾದ ಕಾರಣ ಹೇಳದೆ ಒಂದಕ್ಕಿಂತ ಹೆಚ್ಚು ಸಲ ತಪ್ಪಿಸಿದ್ರೆ, ಇವರಿಗೆ ಪೌರತ್ವ ಬೇಡವಾಗಿದೆ ಅಂತ ಭಾವಿಸೋ ಅಧಿಕಾರ ನಿಯಮದಲ್ಲೇ ಇದೆ. ಸಂದರ್ಶನ ಪಾಸಾಗಿದೆ ಅಂದ ಮಾತ್ರಕ್ಕೆ ಪೌರರಾಗಿಬಿಟ್ರಿ ಅಂತಲ್ಲ. ಪ್ರಮಾಣ ತಗೊಳ್ಳೋ ಗಳಿಗೆ ತನಕ ನೀವು ಭಾರತೀಯರೇ.

ಮಂಡಿ ನೋವಿನ ವಿಷಯಕ್ಕೆ ಬರೋಣ. ಅಲ್ಲಿನ ನಿಯಮಾವಳಿಯಲ್ಲಿ 337.3 ಅಂತ ಒಂದು ನಿಯಮ ಇದೆ. ಅರ್ಜಿದಾರರಿಗೋ ಮನೆಯವರಿಗೋ ತೀವ್ರ ಕಾಯಿಲೆ, ಬರೋಕೇ ಆಗದಂಥ ಶಾಶ್ವತ ಅಂಗವೈಕಲ್ಯ, ತುಂಬಾ ವಯಸ್ಸಾಗಿರೋದು, ಪ್ರಯಾಣ ಅಥವಾ ಕೆಲಸಕ್ಕೆ ಸಂಬಂಧಿಸಿದ ನಿಜವಾದ ತುರ್ತು – ಇಂಥ ಕಾರಣಕ್ಕೆ ಬೇಗ ಪ್ರಮಾಣ ಮಾಡಿಸಿ ಅಂತ ಕೇಳಬಹುದು. ಹಾಸಿಗೆ ಹಿಡಿದಿರೋರಿಗೆ ಅಧಿಕಾರಿಗಳೇ ಮನೆಗೋ ಆಸ್ಪತ್ರೆಗೋ ಬಂದು ಮಾಡಿಸೋ ಏರ್ಪಾಡೂ ಇದೆ. ಆದ್ರೆ ನಡೆದಾಡೋ ಮನುಷ್ಯರಿಗೆ ಮಂಡಿ ನೋವು ಆ ಲೆಕ್ಕಕ್ಕೆ ಬರೋದು ಕಷ್ಟ ಅಂತ ಮೇಷ್ಟ್ರಿಗೆ ನೇರವಾಗೇ ಹೇಳಿದೆ. ವೀಲ್‌ಚೇರ್ ಬೇಕು, ಕೂರೋಕೆ ಜಾಗ ಬೇಕು ಅಂತ ಮೊದಲೇ ಕೇಳ್ಕೊಂಡ್ರೆ ಅದನ್ನ ಮಾಡಿಕೊಡ್ತಾರೆ.

ಇಲ್ಲಿ ಹೆಸರಿನದೊಂದು ಸಿಕ್ಕು ಇದೆ. ನಮ್ಮ ಕನ್ನಡದೋರಿಗಂತೂ ಇದು ಹೇಳಿ ಮಾಡಿಸಿದ ತೊಂದರೆ. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ನಿಂತಿರತ್ತೆ, ಸರ್‌ನೇಮ್ ಅನ್ನೋದೇ ಇರಲ್ಲ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದೋರಿಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಅಂತ ಬರತ್ತೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಎಷ್ಟೋ ಜನ ಹೆಂಗಸರು ಇಪ್ಪತ್ತು ವರ್ಷ ಬ್ಯಾಂಕಿನಲ್ಲೂ ಆಸ್ಪತ್ರೆಯಲ್ಲೂ ‘ಎಫ್‌ಎನ್‌ಯು’ ಅಂತಲೇ ಕರೆಸಿಕೊಂಡು, ಪೌರತ್ವದ ಹೊತ್ತಲ್ಲಾದ್ರೂ ಸರಿ ಮಾಡಿಸೋಣ ಅಂತ ಎನ್-400ರಲ್ಲಿ ಹೆಸರು ಬದಲಾವಣೆ ಕೇಳ್ತಾರೆ. ಒಳ್ಳೇದೇ. ಆದ್ರೆ ಅಮೆರಿಕದಲ್ಲಿ ಪ್ರಮಾಣ ಎರಡು ಥರ: ಇಲಾಖೆಯೇ ಮಾಡಿಸೋದು, ನ್ಯಾಯಾಲಯ ಮಾಡಿಸೋದು. ಹೆಸರು ಬದಲಿಸೋ ಅಧಿಕಾರ ಇರೋದು ನ್ಯಾಯಾಲಯಕ್ಕೆ. ಹಾಗಾಗಿ ಹೆಸರು ಬದಲಾವಣೆ ಕೇಳಿದೋರು ನ್ಯಾಯಾಲಯದ ಸಮಾರಂಭಕ್ಕೇ ಹೋಗಬೇಕು. ಕೆಲವು ಕಚೇರಿಗಳಲ್ಲಿ ಸಂದರ್ಶನದ ದಿನವೇ ಪ್ರಮಾಣ ಮಾಡಿಸಿ ಕಳಿಸ್ತಾರಲ್ಲ, ಆ ಅನುಕೂಲ ಇವರಿಗೆ ಸಿಗಲ್ಲ. ಜಾಗ, ದಿನ ಎರಡೂ ಜಡ್ಜ್ ಕ್ಯಾಲೆಂಡರಿಗೆ ಸೇರಿದ್ದು.

ಈಗ ಮುಖ್ಯ ಮಾತು. ಜಾಗ ಬದಲಿಸಿ ಅಂತ ಕೇಳಿದ್ರೆ ದಿನವೂ ಬದಲಾಗತ್ತೆ. ಹೊಸ ಕಚೇರಿಗೆ ಫೈಲು ಹೋಗಿ, ಅಲ್ಲಿನ ಸರದಿಯಲ್ಲಿ ನಿಂತು, ಹೊಸ ಪತ್ರ ಬರೋ ತನಕ ಕಾಯಬೇಕು. ಬೇಗ ಪೌರತ್ವ ಬೇಕು ಅನ್ನೋರಿಗೆ ನನ್ನ ಸಲಹೆ: ಹೊಸ ವಿಳಾಸ ತಿಳಿಸಿ, ಹಳೇ ಊರಿನ ಕಚೇರಿಯಲ್ಲೇ ಬರಬಹುದಾ ಅಂತ ಕೇಳಿ, ಬನ್ನಿ ಅಂದ್ರೆ ಟಿಕೆಟ್ ತಗೊಂಡು ಹೋಗಿಬನ್ನಿ.

ಆದ್ರೆ ಮೇಷ್ಟ್ರ ಮನೆಯವರಿಗೆ ದಸರಾಗೆ ಬರೋ ಆಸೆ ಇದೆ. ಅಲ್ಲೇ ನೋಡಿ ಲೆಕ್ಕ ತಿರುಗೋದು. ಪ್ರಮಾಣದ ದಿನ ಗ್ರೀನ್ ಕಾರ್ಡ್ ವಾಪಸ್ ಕೊಡಬೇಕು. ಅದೇ ಗಳಿಗೆಯಲ್ಲಿ ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ ಭಾರತದ ಪೌರತ್ವ ತಾನಾಗೇ ಮುಗಿಯತ್ತೆ. ಯಾರೂ ಆದೇಶ ಹೊರಡಿಸಬೇಕಿಲ್ಲ. ಡ್ರಾಯರ್‌ನಲ್ಲಿರೋ ಭಾರತೀಯ ಪಾಸ್‌ಪೋರ್ಟಿನ ಮೇಲೆ ಇನ್ನೂ ಐದು ವರ್ಷದ ಅವಧಿ ಕಾಣಿಸಿದ್ರೂ ಅದರಲ್ಲಿ ಪ್ರಯಾಣ ಮಾಡೋ ಹಾಗಿಲ್ಲ, ಒಪ್ಪಿಸಬೇಕು. ಕೈಯಲ್ಲಿರೋದು ಪೌರತ್ವದ ಪ್ರಮಾಣಪತ್ರ ಒಂದೇ. ಅದನ್ನ ಕಳಿಸಿ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಬೇಕು. ಅದು ಬಂದ ಮೇಲೆ ಭಾರತಕ್ಕೆ ವೀಸಾ ತಗೋಬೇಕು, ಇಲ್ಲಾಂದ್ರೆ ಹಳೇ ಪಾಸ್‌ಪೋರ್ಟ್ ಒಪ್ಪಿಸಿ ಓಸಿಐ ಕಾರ್ಡ್ ಮಾಡಿಸಬೇಕು. ನಲವತ್ತು ವರ್ಷ ಬಾಳಿದ ನಜರ್‌ಬಾದಿನ ಮನೆಗೆ ಬರೋಕೆ ವೀಸಾ ಅಂದಾಗ ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹಾಗಾಗಿ ಅವರಿಗೆ ಡಲ್ಲಾಸ್‌ಗೆ ಕೇಳೋದೇ ಒಳ್ಳೇದು ಅನ್ನಿಸ್ತು. ಸ್ಯಾನ್ ಹೋಸೆಗೆ ಕಾಗದ ಹೋಯ್ತು, ವಿಳಾಸ ಬದಲಾಯ್ತು. ಪ್ರಮಾಣ ಆಗೋ ತನಕ ಆಕೆ ಭಾರತೀಯ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಇಟ್ಕೊಂಡು ಬಂದು ಹೋಗಬಹುದು. ಎರಡು ಎಚ್ಚರಿಕೆ ಹೇಳಿದೀನಿ. ಎನ್-445ರಲ್ಲಿ ‘ಸಂದರ್ಶನ ಆದ ಮೇಲೆ ದೇಶ ಬಿಟ್ಟು ಹೋಗಿದ್ರಾ’ ಅಂತ ಪ್ರಶ್ನೆ ಇರತ್ತೆ, ಮೈಸೂರಿಗೆ ಬಂದದ್ದನ್ನ ಮುಚ್ಚಿಡದೆ ಬರೆಯಬೇಕು. ಇನ್ನೊಂದು, ಆಕೆ ಇಲ್ಲಿರೋವಾಗಲೇ ಡಲ್ಲಾಸ್ ದಿನಾಂಕ ಬಂದುಬಿಡಬಹುದು. ಮಗ ಆನ್‌ಲೈನ್ ಖಾತೆಯನ್ನ ಆಗಾಗ ನೋಡ್ತಿರಬೇಕು.

ಬೇರೆ ದೇಶಗಳಲ್ಲಿರೋ ಕೇಳುಗರಿಗೆ ಚುಟುಕಾಗಿ ಹೇಳ್ತೀನಿ. ಕೆನಡಾದಲ್ಲಿ 2020ರಿಂದ ವಿಡಿಯೋ ಮೂಲಕವೂ ಪ್ರಮಾಣ ನಡೆಯತ್ತೆ, ಮುಖತಃ ಬೇಕಿದ್ರೆ ಕೇಳಬಹುದು. ಆದ್ರೆ ವಿಡಿಯೋ ಅಂತ ಮೈಸೂರಿನಲ್ಲಿ ಕೂತು ಲಾಗಿನ್ ಆಗೋ ಹಾಗಿಲ್ಲ, ಆ ಹೊತ್ತಿಗೆ ಕೆನಡಾದೊಳಗೇ ಇರಬೇಕು. ಬ್ರಿಟನ್‌ನಲ್ಲಿ ಸ್ಥಳೀಯ ಕೌನ್ಸಿಲ್ ಮಾಡಿಸತ್ತೆ. ಆಹ್ವಾನ ಬಂದ 3 ತಿಂಗಳೊಳಗೆ ಮುಗಿಸಬೇಕು, ಬೇರೆ ಊರು ಬೇಕಿದ್ರೆ ಅರ್ಜಿ ಹಾಕೋವಾಗಲೇ ಹೇಳೋದು ಉತ್ತಮ. ಆಸ್ಟ್ರೇಲಿಯಾದಲ್ಲೂ ಕೌನ್ಸಿಲ್ಲೇ, ಮಂಜೂರಾದ 12 ತಿಂಗಳೊಳಗೆ. ಅಲ್ಲಿ ತುಂಬಾ ಕೌನ್ಸಿಲ್‌ಗಳು ಜನವರಿ 26ಕ್ಕೆ ದೊಡ್ಡ ಸಮಾರಂಭ ಮಾಡ್ತವೆ, ಅವರ ಆಸ್ಟ್ರೇಲಿಯಾ ದಿನ. ನಮ್ಮ ಗಣರಾಜ್ಯೋತ್ಸವದ ದಿನವೇ ಭಾರತದ ಪೌರತ್ವ ಬಿಡೋದಾ ಅಂತ ಕಸಿವಿಸಿ ಆಗೋರು ಬೇರೆ ದಿನ ಕೊಡ್ತೀರಾ ಅಂತ ಕೌನ್ಸಿಲ್‌ನ ಕೇಳಿ ನೋಡಬಹುದು, ಕೇಳೋದ್ರಲ್ಲಿ ತಪ್ಪೇನಿಲ್ಲ.

ಹಾಗಾದ್ರೆ ನಮ್ಮೂರಲ್ಲಿ? ಮೈಸೂರಲ್ಲಿ ನೆಲೆಸಿ ಭಾರತದ ಪೌರತ್ವ ಕೇಳೋ ವಿದೇಶಿಯರೂ ಇದ್ದಾರೆ, ನಮ್ಮೋರನ್ನ ಮದುವೆಯಾದೋರು ಅದರಲ್ಲೊಂದು ಬಗೆ. ನಮ್ಮ ಕಾಯ್ದೆ ಕೇಳೋದು ಪ್ರಮಾಣವನ್ನ, ಸಮಾರಂಭವನ್ನಲ್ಲ. ಅದರ ಪಾಠ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ, ನಾಲ್ಕು ಸಾಲು. ಇಲ್ಲೂ ವಾಸದ ವಿಳಾಸವೇ ಲೆಕ್ಕ: ಅರ್ಜಿ ಹೋಗೋದು ನೀವು ವಾಸವಿರೋ ಜಿಲ್ಲೆಯ ಜಿಲ್ಲಾಧಿಕಾರಿ ಮೂಲಕ. ನಜರ್‌ಬಾದಿನಲ್ಲಿ ಮಿನಿ ವಿಧಾನಸೌಧ ಇದೆ ಅಂತ ಅಲ್ಲಿನ ತಾಲ್ಲೂಕು ಕಚೇರಿಗೆ ಹೋಗಿ ವಿಚಾರಿಸೋರಿದ್ದಾರೆ, ಅದು ತಹಶೀಲ್ದಾರರ ಕೆಲಸವಲ್ಲ. ಪೌರತ್ವ ತಿದ್ದುಪಡಿ ಕಾಯ್ದೆಯಡಿ ಅರ್ಜಿ ಹಾಕಿದೋರದು ಬೇರೆ ದಾರಿ. 2024ರ ನಿಯಮದ ಪ್ರಕಾರ ಅವರಿಗೆ ಪ್ರಮಾಣ ಮಾಡಿಸೋದು ಅಂಚೆ ಅಧೀಕ್ಷಕರು ಮುಖ್ಯಸ್ಥರಾಗಿರೋ ಜಿಲ್ಲಾ ಸಮಿತಿ. ಅವಕಾಶ ಕೊಟ್ಟ ಮೇಲೂ ಖುದ್ದಾಗಿ ಬರದಿದ್ರೆ ಅರ್ಜಿ ತಿರಸ್ಕಾರದ ಪರಿಶೀಲನೆಗೆ ಹೋಗತ್ತೆ.

ಇನ್ನು ಬೈಲುಕುಪ್ಪೆಯ ಒಬ್ಬ ಟಿಬೆಟನ್ ಕೇಳುಗರು ‘ನಾನು ಯಾವ ಕಚೇರಿಯಲ್ಲಿ ಪ್ರಮಾಣ ತಗೋಬೇಕು’ ಅಂತ ಕೇಳಿದ್ರು. ಹುಟ್ಟಿದ್ದು ಅಲ್ಲೇ, 1975ರಲ್ಲಿ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದೋರು ಕಾಯ್ದೆಯ 3ನೇ ಕಲಮಿನ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ಟಿಬೆಟನ್ನರಿಗೂ ಇದು ಅನ್ವಯಿಸತ್ತೆ ಅಂತ 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿವೆ. ಅವರಿಗೆ ಪ್ರಮಾಣವೂ ಬೇಡ, ಕಚೇರಿ ಬದಲಾವಣೆಯೂ ಬೇಡ. ಬೇಕಾಗಿರೋದು ಜನನ ಪ್ರಮಾಣಪತ್ರ.

ಜನನ ಪ್ರಮಾಣಪತ್ರ ಇಲ್ಲದಿದ್ರೆ ಏನು ಮಾಡೋದು ಅಂತ ಅವರು ಆಗಲೇ ಮರುಪ್ರಶ್ನೆ ಕಳಿಸಿದ್ದಾರೆ. ಅದನ್ನ ಮುಂದಿನ ವಾರ ನೋಡೋಣ.