ನಿಮಗಿದು ಗೊತ್ತೇ? ರಷ್ಯಾದ ಪಕ್ಕದಲ್ಲಿ ಫಿನ್‌ಲೆಂಡ್ ಬಾಳಿದ ಬಗೆ

ಫಿನ್‌ಲೆಂಡಿನ ಜನಸಂಖ್ಯೆ ಸುಮಾರು 56 ಲಕ್ಷ. ಬೆಂಗಳೂರೊಂದರಲ್ಲೇ ಇದಕ್ಕಿಂತ ಎಷ್ಟೋ ಹೆಚ್ಚು ಜನರಿದ್ದಾರೆ. ರಷ್ಯಾಕ್ಕೂ ಅದಕ್ಕೂ ನಡುವಿನ ಗಡಿ ಮಾತ್ರ ಸುಮಾರು 1,340 ಕಿ.ಮೀ. ಉದ್ದ. ಹಿಮದಲ್ಲಿ ಸ್ಕೀ ಕಟ್ಟಿಕೊಂಡು ಕೆಂಪು ಸೇನೆಯನ್ನು ತಡೆದ ಅವರ ಸಾಹಸ ಬಹಳ ಮಂದಿಗೆ ಗೊತ್ತು. ಆದರೆ ಸ್ವಾತಂತ್ರ್ಯ ಉಳಿದದ್ದು ಬಂದೂಕಿನಿಂದ ಎಷ್ಟೋ, ಚೌಕಾಸಿಯಿಂದಲೂ ಅಷ್ಟೇ. ಆ ಲೆಕ್ಕ ಹೆಚ್ಚು ಸ್ವಾರಸ್ಯದ್ದು.

ಹೆಲ್ಸಿಂಕಿಯ ಸೆನೆಟ್ ಚೌಕದ ನಟ್ಟನಡುವೆ ಇವತ್ತಿಗೂ ನಿಂತಿರುವುದು ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ಎಂಬುದು ಗೊತ್ತೇ? 1809ರಲ್ಲಿ ರಷ್ಯಾ ಈ ನಾಡನ್ನು ಸ್ವೀಡನ್ನಿನಿಂದ ಕಿತ್ತುಕೊಂಡಿತು. ಆದರೂ ಹಳೆಯ ಕಾನೂನು, ಧರ್ಮ ಹಾಗೇ ಇರಲೆಂದು ಬಿಟ್ಟಿತು. ಈ ಅಲೆಕ್ಸಾಂಡರನ ಕಾಲದಲ್ಲಿ ಫಿನ್‌ಲೆಂಡಿಗೆ ತನ್ನದೇ ನಾಣ್ಯ ಬಂತು, ಫಿನ್ನಿಷ್ ಭಾಷೆಗೆ ಕಚೇರಿಗಳಲ್ಲಿ ಜಾಗ ಸಿಕ್ಕಿತು. ಮೊಮ್ಮಗ ಎರಡನೇ ನಿಕೊಲಸ್ ಬಂದು ಒಂದೊಂದೇ ಹಕ್ಕನ್ನು ಕಸಿಯತೊಡಗಿದಾಗ ಜನ ಪ್ರತಿಭಟಿಸಿದ್ದು ಹೇಗೆ ಅಂತೀರಿ? ತಾತನ ಪ್ರತಿಮೆಯ ಬುಡದಲ್ಲಿ ಹೂವಿಟ್ಟು. ಚಕ್ರವರ್ತಿಗೆ ಹೂವಿಟ್ಟವರನ್ನು ಯಾವ ಕಾನೂನಿನಡಿ ಹಿಡಿಯುವುದು!

1899ರಲ್ಲಿ ಎರಡೇ ವಾರದೊಳಗೆ, ಗುಟ್ಟಾಗಿ, ಹಿಮದಲ್ಲಿ ಹಳ್ಳಿಹಳ್ಳಿ ತಿರುಗಿ, ಹಕ್ಕು ಕಸಿಯಬೇಡಿ ಎಂಬ ಮನವಿಗೆ 5 ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿದರು. ಅದನ್ನು ಹೊತ್ತು 500 ಮಂದಿಯ ನಿಯೋಗ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಯಿತು. ನಿಕೊಲಸ್ ಅವರನ್ನು ನೋಡಲೂ ಒಪ್ಪಲಿಲ್ಲ. ಹಾಗೇ ವಾಪಸು.

ಫಿನ್‌ಲೆಂಡಿನ ಸ್ವಾತಂತ್ರ್ಯವನ್ನು ಮೊದಲು ಒಪ್ಪಿದ್ದು ಯಾರು? ಲೆನಿನ್ನನ ಸರ್ಕಾರ! 1917ರ ಡಿಸೆಂಬರ್ 6ರಂದು ಸ್ವಾತಂತ್ರ್ಯ ಘೋಷಿಸಿದರೂ ಬೇರೆ ದೇಶಗಳು ‘ಮೊದಲು ರಷ್ಯಾ ಒಪ್ಪಲಿ’ ಎಂದು ಕಾದು ಕೂತವು. ಕೊನೆಗೆ ಡಿಸೆಂಬರ್ 31ರ ಚಳಿಯಲ್ಲಿ, ಬೊಲ್ಶೆವಿಕರೆಂದರೆ ಆಗದ ಸ್ವಿನ್‌ಹುಫ್‌ವುಡ್ ಎಂಬ ನ್ಯಾಯಾಧೀಶ, ಆಗ ಫಿನ್ನಿಷ್ ಸರ್ಕಾರದ ಮುಖ್ಯಸ್ಥ, ಲೆನಿನ್ನನ ಕಚೇರಿಯ ಹೊರಗೆ ಕಾದು ನಿಂತು ಆ ಕಾಗದ ಪಡೆದರು. ಸೈಬೀರಿಯಾಕ್ಕೆ ಗಡೀಪಾರಾಗಿ ಬಂದ ಮನುಷ್ಯ ಅವರು. ಮಾನಕ್ಕಿಂತ ಕಾಗದ ದೊಡ್ಡದೆಂದು ಬಗೆದರು, ಸರಿಯಾಗಿಯೇ ಬಗೆದರು. ಫಿನ್‌ಲೆಂಡಿನಲ್ಲೂ ಕ್ರಾಂತಿಯಾಗಿ ಅದು ತಾನಾಗಿ ತನ್ನ ಮಡಿಲಿಗೆ ಬರುತ್ತದೆಂದು ಲೆನಿನ್ ಎಣಿಸಿದ್ದ. ಮುಂದಿನ ತಿಂಗಳೇ ಅಂತರ್ಯುದ್ಧ ಹೊತ್ತಿಕೊಂಡಿತು, ಆದರೆ ಗೆದ್ದವರು ಕ್ರಾಂತಿಯನ್ನು ಎದುರಿಸಿದ ‘ಬಿಳಿ’ ಬಣದವರು.

ಆ ಬಿಳಿ ಸೇನೆಯ ದಂಡನಾಯಕ, ಮುಂದೆ ಎರಡು ಯುದ್ಧಗಳಲ್ಲಿ ಸೋವಿಯತ್ ಸೇನೆಯನ್ನು ಎದುರಿಸಿದ ಮ್ಯಾನರ್‌ಹೈಮ್, ಅದಕ್ಕೆ ಮೊದಲು ಸುಮಾರು 30 ವರ್ಷ ಚಕ್ರವರ್ತಿಯ ಸೇನೆಯಲ್ಲೇ ಇದ್ದವರು. ರಷ್ಯಾದ ಪರವಾಗಿ ಕುದುರೆಯೇರಿ ಮಧ್ಯ ಏಷ್ಯಾದಿಂದ ಬೀಜಿಂಗ್‌ವರೆಗೆ ಹೋಗಿ ಬೇಹುಗಾರಿಕೆ ಮಾಡಿದ್ದರು. ಅವರ ಮನೆಮಾತು ಸ್ವೀಡಿಷ್.

1939ರ ನವೆಂಬರ್ 30ಕ್ಕೆ ಸೋವಿಯತ್ ವಿಮಾನಗಳು ಹೆಲ್ಸಿಂಕಿಯ ಮೇಲೆ ಬಾಂಬು ಹಾಕಿದವು. ‘ಬಾಂಬಲ್ಲ, ಹಸಿದವರಿಗೆ ಆಹಾರ ಹಾಕುತ್ತಿದ್ದೇವೆ’ ಎಂಬರ್ಥದಲ್ಲಿ ವಿದೇಶಾಂಗ ಮಂತ್ರಿ ಮೊಲೊಟೊವ್ ಹೇಳಿಕೊಂಡರು. ಫಿನ್ನರು ಆ ಬಾಂಬಿಗೆ ‘ಮೊಲೊಟೊವನ ಬ್ರೆಡ್ಡಿನ ಬುಟ್ಟಿ’ ಎಂದು ಹೆಸರಿಟ್ಟರು. ಬ್ರೆಡ್ಡು ಕೊಟ್ಟವನಿಗೆ ಕುಡಿಯಲು ಏನಾದರೂ ಕೊಡಬೇಡವೇ? ಟ್ಯಾಂಕುಗಳ ಮೇಲೆ ಎಸೆಯುವ ಬೆಂಕಿ ಬಾಟಲಿ ‘ಮೊಲೊಟೊವ್ ಕಾಕ್‌ಟೇಲ್’ ಆಯಿತು. ಅದನ್ನು ತಯಾರಿಸಿದ್ದು ಸರ್ಕಾರಿ ಮದ್ಯದ ಕಾರ್ಖಾನೆಯಲ್ಲಿ: ಪೆಟ್ರೋಲು, ಸೀಮೆಎಣ್ಣೆ, ಟಾರು ಬೆರೆಸಿ, ಗಾಳಿಗೆ ಆರದ ಎರಡು ಉದ್ದನೆಯ ಕಡ್ಡಿಗಳನ್ನು ಬಾಟಲಿಯ ಮಗ್ಗುಲಿಗೆ ಕಟ್ಟಿ, ಮೇಲೆ ಬಿರಡೆ. ಅಂಥ 5 ಲಕ್ಷಕ್ಕೂ ಹೆಚ್ಚು ಬಾಟಲಿಗಳು ರಾಯಾಮ್ಯಾಕಿ ಎಂಬ ಊರಿನಿಂದ ಹೊರಬಂದವು.

105 ದಿನಗಳ ಆ ಯುದ್ಧದಲ್ಲಿ ಸೋವಿಯತ್ ಕಡೆ ಸತ್ತವರು ಲಕ್ಷಕ್ಕೂ ಹೆಚ್ಚು, ಫಿನ್ನರು ಸುಮಾರು 25 ಸಾವಿರ. ಆದರೂ ಭೂಮಿ ಬಿಟ್ಟುಕೊಟ್ಟದ್ದು ಫಿನ್‌ಲೆಂಡೇ. ಸಂಧಿಗೆ ಒಪ್ಪಿಗೆಯ ಸಹಿ ಹಾಕುವಾಗ ಅಧ್ಯಕ್ಷ ಕಲ್ಲಿಯೊ, ಇಂಥದ್ದಕ್ಕೆ ರುಜು ಮಾಡುವ ಕೈ ಒಣಗಿಹೋಗಲಿ ಎಂದು ಶಪಿಸಿಕೊಂಡರು. ಅದೇ 1940ರಲ್ಲಿ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಡಿಸೆಂಬರಿನಲ್ಲಿ ಅಧಿಕಾರ ಬಿಟ್ಟು ಊರಿಗೆ ಹೊರಟವರು ಹೆಲ್ಸಿಂಕಿ ರೈಲು ನಿಲ್ದಾಣದಲ್ಲಿ, ಗೌರವ ವಂದನೆಯ ಬ್ಯಾಂಡು ನುಡಿಯುತ್ತಿದ್ದಾಗಲೇ ಕುಸಿದು ತೀರಿಕೊಂಡರು.

ಕಳೆದುಹೋದ ಕರೇಲಿಯಾದಿಂದ 4 ಲಕ್ಷಕ್ಕೂ ಹೆಚ್ಚು ಜನ ಗಂಟುಮೂಟೆ ಕಟ್ಟಿ ಬಂದರು. ರಷ್ಯಾದ ಆಡಳಿತದಲ್ಲಿ ಉಳಿಯಲು ಒಪ್ಪಿದವರು ಇಲ್ಲವೆನ್ನುವಷ್ಟು ಕಡಿಮೆ. ಉಳಿದ ಫಿನ್ನರ ಜಮೀನಿನಲ್ಲಿ ಪಾಲು ತೆಗೆದು, ಕಾನೂನು ಮಾಡಿ, ಇವರಿಗೆ ಹಂಚಲಾಯಿತು. ಭೂಮಿ ಕೊಟ್ಟವರು ನಗುನಗುತ್ತಾ ಕೊಟ್ಟರೆಂದು ನಂಬಬೇಡಿ.

ಈ ಕಥೆಯ ಮಬ್ಬು ಪುಟವೂ ಒಂದಿದೆ. ಕಳೆದದ್ದನ್ನು ಮರಳಿ ಪಡೆಯಲು 1941ರಲ್ಲಿ ಫಿನ್‌ಲೆಂಡ್ ಹಿಟ್ಲರನ ಜರ್ಮನಿಯ ಜೊತೆ ನಿಂತಿತು. ಅದರ ಸೇನೆಯಲ್ಲಿ ಯಹೂದಿ ಸೈನಿಕರೂ ಇದ್ದರು. ಜರ್ಮನ್ ಪಡೆಗಳು ಹತ್ತಿರವೇ ಇದ್ದ ರಣರಂಗದಲ್ಲಿ ಅವರದೊಂದು ಪ್ರಾರ್ಥನಾ ಡೇರೆಯೂ ಇತ್ತು. ಅದೇ ದೇಶ 1942ರಲ್ಲಿ ಎಂಟು ಯಹೂದಿ ನಿರಾಶ್ರಿತರನ್ನು ಗೆಸ್ಟಾಪೊ ಕೈಗೆ ಒಪ್ಪಿಸಿತು. ಪ್ರಧಾನಿ ಅದಕ್ಕೆ ಕ್ಷಮೆ ಕೇಳಿದ್ದು 2000ದಲ್ಲಿ.

1944ರಲ್ಲಿ ಮತ್ತೆ ಸೋಲು. ದಂಡ 30 ಕೋಟಿ ಡಾಲರ್, ಅದೂ ನಗದಲ್ಲ, ಸಾಮಾನಿನ ರೂಪದಲ್ಲಿ: ಹಡಗು, ರೈಲು ಎಂಜಿನ್, ಕೇಬಲ್, ಕಾಗದದ ಯಂತ್ರ, ಮರದ ಮನೆ. ತಡವಾದರೆ ತಿಂಗಳಿಗೆ ಶೇ. 5ರಷ್ಟು ಜುಲ್ಮಾನೆ. ಮಾಸ್ಕೋಗೆ ಹಿಡಿಸದೆಂದು ಅಮೆರಿಕದ ಮಾರ್ಷಲ್ ನೆರವನ್ನೂ ಬೇಡವೆಂದರು. ಕಾಡು ಕಡಿದು ಮರ, ಕಾಗದ ಮಾರುತ್ತಿದ್ದ ದೇಶ ಸಾಲ ತೀರಿಸಲೆಂದೇ ಹಡಗು ಕಟ್ಟೆಗಳನ್ನು ಬೆಳೆಸಿತು. 1952ರ ಸೆಪ್ಟೆಂಬರಿನಲ್ಲಿ ಕೊನೆಯ ರೈಲು ಗಡಿ ದಾಟಿತು. ಆಮೇಲೆ ಅದೇ ಸೋವಿಯತ್ ಒಕ್ಕೂಟ ಅದೇ ಹಡಗು ಕಟ್ಟೆಗಳಿಗೆ ದುಡ್ಡು ಕೊಟ್ಟು ಗಿರಾಕಿಯಾಯಿತು! (ಅದೇ ಬೇಸಿಗೆ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್. ಕುಸ್ತಿಯಲ್ಲಿ ಕೆ.ಡಿ. ಜಾಧವ್ ನಮಗೆ ಕಂಚು ತಂದದ್ದು ಅಲ್ಲೇ.)

ಕಿಟಕಿ ಮುಚ್ಚಿದ ರೈಲಿನ ಸಂಗತಿ ಗೊತ್ತೇ? ಹೆಲ್ಸಿಂಕಿಯಿಂದ ಬರೀ 30 ಕಿ.ಮೀ. ದೂರದ ಪೊರ್ಕಲಾ ಪ್ರದೇಶವನ್ನು 1944ರ ಸೋಲಿನ ಬೆನ್ನಲ್ಲೇ ಸೋವಿಯತ್ ಒಕ್ಕೂಟ ನೌಕಾನೆಲೆಗೆಂದು 50 ವರ್ಷದ ಗುತ್ತಿಗೆಗೆ ಪಡೆಯಿತು. ಅಲ್ಲಿಯ ಜನಕ್ಕೆ ಮನೆ ಖಾಲಿ ಮಾಡಲು ಸಿಕ್ಕಿದ್ದು ಹತ್ತು ದಿನ. ಹೆಲ್ಸಿಂಕಿ–ತುರ್ಕು ರೈಲುಮಾರ್ಗ ಆ ನೆಲದ ನಡುವೆಯೇ ಹಾದಿತ್ತು. 1947ರಿಂದ ರೈಲು ಬಿಟ್ಟರು, ಆದರೆ ಗಡಿಯ ನಿಲ್ದಾಣದಲ್ಲಿ ಎಂಜಿನ್ ಬದಲಾಯಿಸಿ ಸೋವಿಯತ್ ಎಂಜಿನ್ ಹಚ್ಚಬೇಕು, ಕಿಟಕಿಗಳಿಗೆ ಹೊರಗಿನಿಂದ ಮುಚ್ಚಳ ಜಡಿಯಬೇಕು. ಪ್ರಯಾಣಿಕರು ಹಾಡಹಗಲಲ್ಲಿ ದೀಪದ ಬೆಳಕಿನಲ್ಲಿ ಕೂತು ತಮ್ಮದೇ ನಾಡನ್ನು ನೋಡದೆ ದಾಟುತ್ತಿದ್ದರು. ಜಗತ್ತಿನ ಅತಿ ಉದ್ದದ ಸುರಂಗ ಎಂದು ಜನ ತಮಾಷೆ ಮಾಡುತ್ತಿದ್ದರಂತೆ. ಗುತ್ತಿಗೆ ಮುಗಿಯುವ ಎಷ್ಟೋ ಮೊದಲೇ, 1956ರ ಜನವರಿಯಲ್ಲಿ, ಜಾಗ ವಾಪಸು ಬಂತು.

ಅದೇ ವರ್ಷ ಅಧ್ಯಕ್ಷರಾದ ಕೆಕ್ಕೊನೆನ್ ಕಾಲು ಶತಮಾನ ಆ ಕುರ್ಚಿಯಲ್ಲಿದ್ದರು. 1960ರಲ್ಲಿ, ಅವರ 60ನೇ ಹುಟ್ಟುಹಬ್ಬಕ್ಕೆ ಬಂದ ಸೋವಿಯತ್ ನಾಯಕ ಕ್ರುಶ್ಚೇವ್‌ರನ್ನು ಬೆಳಗಿನ ಜಾವದವರೆಗೆ ಸೌನಾದ ಉಗಿಯಲ್ಲಿ ಕೂರಿಸಿಕೊಂಡು ಮಾತಾಡಿದರು. ಪಶ್ಚಿಮ ಯೂರೋಪಿನ ವ್ಯಾಪಾರ ಕೂಟಕ್ಕೆ ಫಿನ್‌ಲೆಂಡ್ ಸೇರಲು ಮಾಸ್ಕೋ ತಕರಾರು ತೆಗೆಯಲಿಲ್ಲ.

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. 1961ರಲ್ಲಿ ಮಾಸ್ಕೋದಿಂದ ಒಂದು ಗಡಸು ಪತ್ರ ಬಂತು. ಕೆಕ್ಕೊನೆನ್ ಆಗ ಹವಾಯಿಯಲ್ಲಿದ್ದರು. ಆ ಪತ್ರದ ಬೆನ್ನಲ್ಲೇ ಅವರ ಚುನಾವಣಾ ಎದುರಾಳಿ ಕಣದಿಂದ ಸರಿದರು. ಕೆಕ್ಕೊನೆನ್‌ಗಾಗಿಯೇ ಹೂಡಿದ ಆಟ ಅದು ಎಂಬ ಗುಮಾನಿ ಇನ್ನೂ ಹೋಗಿಲ್ಲ. 1973ರಲ್ಲಂತೂ ಚುನಾವಣೆಯೇ ಇಲ್ಲದೆ, ವಿಶೇಷ ಕಾನೂನಿನಿಂದ, ಅವರ ಅವಧಿಯನ್ನು ನಾಲ್ಕು ವರ್ಷ ಎಳೆದರು. ಸೋವಿಯತ್ ಸೆರೆಶಿಬಿರಗಳ ಕುರಿತ ಸೊಲ್ಜೆನಿತ್ಸಿನ್‌ರ ‘ಗುಲಾಗ್’ ಪುಸ್ತಕದ ಫಿನ್ನಿಷ್ ಅನುವಾದ 1974ರಲ್ಲಿ ಅಚ್ಚಾದದ್ದು ಪಕ್ಕದ ಸ್ವೀಡನ್ನಿನಲ್ಲಿ. ದೂರದಲ್ಲಿ ಕೂತ ನಾವು ಇದನ್ನು ಹೇಡಿತನ ಎಂದುಬಿಡಬಹುದು. ಪೋಲೆಂಡ್, ಹಂಗೇರಿಗಳ ಆಗಿನ ಗತಿ ನೋಡಿದ ಫಿನ್ನರಿಗೆ ಹಾಗೆನ್ನಿಸಲಿಲ್ಲ.

ಒಳನಾಡಿನ ಸರೋವರಗಳನ್ನು ಕಡಲಿಗೆ ಕೂಡಿಸುವ ಸೈಮಾ ಕಾಲುವೆಯದು ಇನ್ನೊಂದು ವಿಚಿತ್ರ. ಅದರ ಅರ್ಧ ಕಳೆದುಹೋದ ನೆಲದಲ್ಲಿತ್ತು. 1960ರ ದಶಕದಲ್ಲಿ ಫಿನ್‌ಲೆಂಡ್ ತನ್ನದೇ ಆಗಿದ್ದ ಆ ಜಾಗವನ್ನು ಗುತ್ತಿಗೆ ಹಿಡಿದು, ತನ್ನ ದುಡ್ಡಿನಲ್ಲೇ ಕಾಲುವೆ ದುರಸ್ತಿ ಮಾಡಿ, 1968ರಲ್ಲಿ ಹಡಗು ಬಿಟ್ಟಿತು.

2022ರಲ್ಲಿ ರಷ್ಯಾ ಯುಕ್ರೇನಿಗೆ ನುಗ್ಗಿದ ಮೇಲೆ ಲೆಕ್ಕ ಬದಲಾಯಿತು. 2023ರ ಏಪ್ರಿಲ್ 4ರಂದು ಫಿನ್‌ಲೆಂಡ್ ನೇಟೋದ 31ನೇ ಸದಸ್ಯ. ಹಾಗೆಂದು ಆ ದಿನಕ್ಕೆಂದು ಕೈಕಟ್ಟಿ ಕೂತಿರಲಿಲ್ಲ. ಗಂಡಸರಿಗೆ ಕಡ್ಡಾಯ ಸೈನಿಕ ತರಬೇತಿಯನ್ನು ಅವರು ಎಂದೂ ಕೈಬಿಡಲಿಲ್ಲ. ದೇಶದ ಸುಮಾರು 50 ಸಾವಿರ ನೆಲಮಾಳಿಗೆ ಆಶ್ರಯಗಳಲ್ಲಿ 48 ಲಕ್ಷ ಜನ ಅಡಗಬಹುದು. ಹೆಲ್ಸಿಂಕಿಯ ಇಟ್ಯಾಕೆಸ್ಕುಸ್ ಈಜುಕೊಳವನ್ನು ಬಂಡೆ ಕೊರೆದು ಕಟ್ಟಿದ್ದಾರೆ. 72 ಗಂಟೆಯಲ್ಲಿ ನೀರು ಬಸಿದು 3,800 ಜನರನ್ನು ಅಲ್ಲಿ ಕೂರಿಸಬಹುದು.

ಚಕ್ರವರ್ತಿಗಳ ಕಾಲದ ಒಂದು ನಂಟು ಮಾತ್ರ ನೆಲಕ್ಕೆ ಕಚ್ಚಿಕೊಂಡಿದೆ. ಫಿನ್‌ಲೆಂಡಿನ ರೈಲುಹಳಿಯ ಅಗಲ 1,524 ಮಿ.ಮೀ., ರಷ್ಯಾದ್ದು 1,520. ಅಂದರೆ ರಷ್ಯಾದ ರೈಲು ಸಲೀಸಾಗಿ ಒಳಗೆ ಬರಬಹುದು, ಸ್ವೀಡನ್ನಿನದು ಬಾರದು. ಉತ್ತರದ ತುದಿಯಿಂದ ಶುರುಮಾಡಿ ಹಳಿಗಳನ್ನು ಯೂರೋಪಿನ 1,435 ಮಿ.ಮೀ. ಅಳತೆಗೆ ತರುವ ಯೋಜನೆಯನ್ನು ಸರ್ಕಾರ 2025ರಲ್ಲಿ ಪ್ರಕಟಿಸಿದೆ.