ಬಲೆ ಬೀಳದ ಒಂದು ತುಂಡು ಕಡಲು: ಡಾ. ಅಲ್ಕಾಲಾ ಅವರ ಎರಡು ದ್ವೀಪಗಳು

ನಮ್ಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ದಡದಲ್ಲೇ ಉಳಿಯುತ್ತವೆ. ಮೀನು ಮೊಟ್ಟೆಯಿಡುವ ಕಾಲವೆಂದೇ ಈ ರಜೆ ಎಂಬುದು ನಮ್ಮ ಓದುಗರಿಗೆ ತಿಳಿದೇ ಇದೆ. ಇದು ಕಾಲಕ್ಕೆ ಹಾಕಿದ ಬೇಲಿ. ಇದರ ಬದಲು ಜಾಗಕ್ಕೇ ಬೇಲಿ ಹಾಕಿದರೆ, ಅಂದರೆ ಕಡಲಿನ ಒಂದು ತುಂಡಿನಲ್ಲಿ ವರ್ಷವಿಡೀ ಯಾರೂ ಒಂದು ಗಾಳವನ್ನೂ ಹಾಕದಿದ್ದರೆ, ಏನಾದೀತು? ಫಿಲಿಪ್ಪೀನ್ಸ್ ದೇಶದ ಕಡಲ ವಿಜ್ಞಾನಿ ಡಾ. ಆಂಜೆಲ್ ಅಲ್ಕಾಲಾ ಅವರು ತಮ್ಮ ಆಯುಷ್ಯದ ಬಹುಪಾಲನ್ನು ಈ ಪ್ರಶ್ನೆಗೇ ಕೊಟ್ಟರು. 2023ರ ಫೆಬ್ರವರಿ 1ರಂದು, 93ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮೀನನ್ನು ನಂಬಿ ಬದುಕುವ ನಮ್ಮಂಥವರಿಗೆ ಅವರ ಕೆಲಸದ ಪರಿಚಯ ಇರಬೇಕೆಂದು ನಮಗೆ ತೋರುತ್ತದೆ.

ಡಾ. ಅಲ್ಕಾಲಾ ಅವರು ಹುಟ್ಟಿದ್ದು 1929ರಲ್ಲಿ, ನೀಗ್ರೋಸ್ ದ್ವೀಪದ ಕಡಲತಡಿಯ ಊರೊಂದರಲ್ಲಿ. ದುಮಗೆಟೆ ನಗರದ ಸಿಲ್ಲಿಮನ್ ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದು, ಮತ್ತೆ ಸಿಲ್ಲಿಮನ್‌ಗೇ ಮರಳಿದರು. ಮೊದಲು ಅವರು ಪರಿಣತರಾದದ್ದು ಕಪ್ಪೆ, ಹಲ್ಲಿ, ಹಾವುಗಳ ವಿಷಯದಲ್ಲಿ. ಕಡಲು ಅವರನ್ನು ಸೆಳೆದದ್ದು ಆಮೇಲೆ.

ಆಗ ಅಲ್ಲಿನ ಕಡಲಿನ ಸ್ಥಿತಿ ಚೆನ್ನಾಗಿರಲಿಲ್ಲ. ಸ್ಫೋಟಕ ಎಸೆದು ಮೀನು ಹಿಡಿಯುವವರಿದ್ದರು, ಸಯನೈಡ್ ಬಳಸುವವರಿದ್ದರು. ಇನ್ನು 'ಮುರೊ ಆಮಿ' ಎಂಬ ಪದ್ಧತಿಯಂತೂ ಕೇಳಿದರೇ ಸಂಕಟವಾಗುವಂಥದ್ದು. ಹಗ್ಗಕ್ಕೆ ಕಲ್ಲು ಕಟ್ಟಿಕೊಂಡು ಈಜುವವರ ದೊಡ್ಡ ಗುಂಪು, ಅವರಲ್ಲಿ ಹುಡುಗರೂ ಸೇರಿ, ಹವಳದ ಮೇಲೆ ಕಲ್ಲು ಕುಟ್ಟುತ್ತಾ ಮೀನುಗಳನ್ನು ಹೆದರಿಸಿ ಬಲೆಗೆ ಅಟ್ಟುತ್ತಿದ್ದರು. ಮೀನು ಸಿಗುತ್ತಿತ್ತು, ಆದರೆ ಮೀನಿನ ಮನೆಯೇ ಪುಡಿಯಾಗುತ್ತಿತ್ತು. 1986ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು.

1974ರಲ್ಲಿ ಡಾ. ಅಲ್ಕಾಲಾ ಮತ್ತು ಸಂಗಡಿಗರು ಸೆಬು ದ್ವೀಪದ ದಕ್ಷಿಣ ತುದಿಯ ಬಳಿಯಿರುವ ಸುಮಿಲೋನ್ ಎಂಬ ಪುಟ್ಟ ದ್ವೀಪದ ಸುತ್ತಲಿನ ಹವಳದ ದಿಬ್ಬದಲ್ಲಿ ಕಾಲು ಭಾಗವನ್ನು ಮೀನು ಹಿಡಿಯದ ಜಾಗವನ್ನಾಗಿ ಮಾಡಿಸಿದರು. ಉಳಿದ ಮುಕ್ಕಾಲು ಭಾಗ ಮೀನುಗಾರರಿಗೆ ಮುಕ್ತವಾಗಿಯೇ ಇತ್ತು. ಹತ್ತು ವರ್ಷ ಈ ಕಾವಲು ನಡೆಯಿತು. 1984ರಲ್ಲಿ ಸ್ಥಳೀಯ ಆಡಳಿತ ಬದಲಾಯಿತು, ಕಾವಲು ಮುರಿಯಿತು, ಸ್ಫೋಟಕ ಮತ್ತು ಅಟ್ಟುಬಲೆಗಳು ಒಳಗೆ ನುಗ್ಗಿದವು. ಈಗ ಇಡೀ ದಿಬ್ಬವೇ ಮೀನುಗಾರರದ್ದು! ಜಾಗ ಹೆಚ್ಚಾದ ಮೇಲೆ ಮೀನೂ ಹೆಚ್ಚು ಸಿಗಬೇಕಿತ್ತಲ್ಲವೇ? ಎರಡು ವರ್ಷ ತುಂಬುವುದರೊಳಗೆ ಇಳುವರಿ ಸುಮಾರು ಅರ್ಧಕ್ಕೆ ಇಳಿಯಿತು. ಮುಕ್ಕಾಲು ಜಾಗದಲ್ಲಿ ಸಿಗುತ್ತಿದ್ದ ಮೀನು ಪೂರ್ತಿ ಜಾಗದಲ್ಲಿ ಸಿಗಲಿಲ್ಲ. ಡಾ. ಅಲ್ಕಾಲಾ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿ ಗ್ಯಾರಿ ರಸ್ ಈ ಲೆಕ್ಕವನ್ನು 1990ರಲ್ಲಿ ಪ್ರಕಟಿಸಿದರು. ಒಂದು ನಷ್ಟವೇ ಹೀಗೆ ಪುರಾವೆಯಾಯಿತು.

ಇದರ ಕಾರಣ ಕಷ್ಟದ್ದೇನಲ್ಲ. ಮೀನು ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು. ಆದರೆ ಈ ಹೆಚ್ಚಳ ನಾವು ಎಣಿಸುವುದಕ್ಕಿಂತ ಎಷ್ಟೋ ಪಾಲು ದೊಡ್ಡದು. ನಮ್ಮ ಕೆಂಬೇರಿಯ ಬಳಗಕ್ಕೆ ಸೇರಿದ ರೆಡ್ ಸ್ನಾಪರ್ ಎಂಬ ಮೀನಿನ ಲೆಕ್ಕ ನೋಡಿ: 61 ಸೆಂ.ಮೀ. ಉದ್ದದ ಒಂದೇ ಒಂದು ಹೆಣ್ಣು ಮೀನು, 42 ಸೆಂ.ಮೀ. ಉದ್ದದ 212 ಹೆಣ್ಣುಗಳಷ್ಟು ಮೊಟ್ಟೆ ಇಡಬಲ್ಲದು. ಎಲ್ಲ ಕಡೆ ಬಲೆ ಬಿದ್ದರೆ ಮೊದಲು ಕಾಣೆಯಾಗುವುದು ಇಂಥ ದೊಡ್ಡ ತಾಯಿಮೀನುಗಳೇ. ಕಾವಲಿರುವ ಜಾಗದಲ್ಲಿ ಅವು ಮುಪ್ಪಾಗುವವರೆಗೆ ಬದುಕುತ್ತವೆ. ಮರಿಗಳು ನೀರಿನ ಸೆಳೆತಕ್ಕೆ ದೂರ ಹೋಗುತ್ತವೆ, ಒಳಗೆ ಜಾಗ ಇಕ್ಕಟ್ಟಾದಾಗ ಬೆಳೆದ ಮೀನುಗಳೂ ಗಡಿ ದಾಟಿ ಬರುತ್ತವೆ. ಗಡಿಯ ಹೊರಗೆ ಗಾಳ ಹಾಕಿದವನಿಗೆ ಸಿಗುವುದು ಇವೇ.

ಎರಡನೆಯ ದ್ವೀಪ ಅಪೋ. ನೀಗ್ರೋಸ್ ತೀರದಿಂದ ಸುಮಾರು 7 ಕಿ.ಮೀ. ದೂರದ ಈ ದ್ವೀಪದಲ್ಲಿ ಕೆಲವು ನೂರು ಜನರ ವಾಸ, ಹೆಚ್ಚಿನವರು ಗಾಳದ ಮೀನುಗಾರರು. 1979ರಲ್ಲಿ ಡಾ. ಅಲ್ಕಾಲಾ ಅವರ ತಂಡ ಅಲ್ಲಿಗೆ ಹೋದಾಗ ಜನ ನಂಬಲಿಲ್ಲ. ಇರುವ ಕಡಲನ್ನೇ ಬಿಟ್ಟುಕೊಡಿ ಎಂದರೆ ಯಾವ ಮನೆಯಾಕೆ ತಾನೇ ಒಪ್ಪಿಯಾಳು? ನಾಳೆಯ ಊಟದ ಪ್ರಶ್ನೆ ಅದು. ತಂಡದವರು ವಾದ ಮಾಡುವುದನ್ನು ಬಿಟ್ಟು, ಕೆಲವು ಮೀನುಗಾರರನ್ನು ಸುಮಿಲೋನ್‌ಗೆ ಕರೆದೊಯ್ದು ತೋರಿಸಿದರು. ಆಗಿನ್ನೂ ಅಲ್ಲಿ ಕಾವಲಿತ್ತು. ಮೂರು ವರ್ಷಗಳ ಮಾತುಕತೆಯ ನಂತರ, 1982ರಲ್ಲಿ ಹದಿನಾಲ್ಕು ಕುಟುಂಬಗಳು ಮುಂದೆ ಬಂದವು. ಸುಮಾರು ಹತ್ತನೇ ಒಂದು ಭಾಗವನ್ನು ಮುಚ್ಚಿದರು. ಪೊಲೀಸರೂ ಬೇಡ, ಗಸ್ತು ದೋಣಿಯೂ ಬೇಡ. ದಡದಲ್ಲಿ ಕುಳಿತು ನೋಡುತ್ತಿರಲು ಒಬ್ಬರಿದ್ದರೆ ಸಾಕಿತ್ತು.

ವಿಜ್ಞಾನಿಗಳ ಪಾಲಿಗೆ ಉಳಿದದ್ದು ಎಣಿಸುವ ಕೆಲಸ. ನೀರಿನೊಳಗೆ 50 ಮೀಟರ್ ಉದ್ದ, 20 ಮೀಟರ್ ಅಗಲದ ಪಟ್ಟಿಗಳನ್ನು ಗುರುತಿಸಿ, ಅಲ್ಲಿ ಈಜುತ್ತಾ, ಕಂಡ ಮೀನುಗಳನ್ನೆಲ್ಲ ಜಾತಿವಾರು ಬರೆದುಕೊಳ್ಳುವುದು. ಪ್ರತಿ ಸಲವೂ ಅದೇ ಜಾಗ, ಅದೇ ಕ್ರಮ. ಬೇಸರದ ಕೆಲಸವೇ, ಆದರೆ ಇದಿಲ್ಲದೆ ಮಿಕ್ಕದ್ದೆಲ್ಲ ಬರೀ ಮಾತಾಗುತ್ತಿತ್ತು. 1983ರಿಂದ 2001ರವರೆಗಿನ ಹದಿನೆಂಟು ವರ್ಷಗಳಲ್ಲಿ, ಅಪೋ ಮೀನುಗಾರರ ಹಿಡಿತದಲ್ಲಿ ಶೇ. 40ರಿಂದ 75ರಷ್ಟಿರುವ ಸರ್ಜನ್ ಮೀನು ಮತ್ತು ಟ್ರೆವಲ್ಲಿ ಬಳಗಗಳ ಒಟ್ಟು ತೂಕ ಕಾವಲಿನ ಜಾಗದೊಳಗೆ ಮೂರು ಪಟ್ಟಾಗಿತ್ತು.

1992ರಲ್ಲಿ ಡಾ. ಅಲ್ಕಾಲಾ ಅವರಿಗೆ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದೇ ವರ್ಷ ಅವರು ದೇಶದ ಪರಿಸರ ಇಲಾಖೆಯ ಮುಖ್ಯಸ್ಥರಾದರು. ಪರಭಕ್ಷಕರ ಕೈಗೆ ಸಿಕ್ಕಿ ಅಲ್ಲ, ಮನುಷ್ಯರ ಕೈಗೆ ಸಿಕ್ಕಿಯೇ ಕಾಣೆಯಾಗುತ್ತಿದ್ದ ದೈತ್ಯ ಚಿಪ್ಪುಜೀವಿಗಳನ್ನು ಸಿಲ್ಲಿಮನ್‌ನಲ್ಲಿ ಸಾಕಿ ಬೆಳೆಸುವ ಕೆಲಸವೂ ಆಗಿನದೇ ಕಾಲದ್ದು. ಇಂದು ಆ ದೇಶದಲ್ಲಿ ಕಾವಲಿನ ಕಡಲು ಭಾಗಗಳು ಸಾವಿರಕ್ಕೂ ಹೆಚ್ಚಿವೆ. ಎಲ್ಲವೂ ಅಪೋದಂತೆ ನಡೆಯುತ್ತಿಲ್ಲ. ಕೆಲವು ಕಾಗದದಲ್ಲಷ್ಟೇ ಇವೆ.

ಅಪೋಗೂ ಕಷ್ಟ ತಪ್ಪಲಿಲ್ಲ. 1994ರಲ್ಲಿ, ಡಾ. ಅಲ್ಕಾಲಾ ಅವರೇ ಇಲಾಖೆಯಲ್ಲಿದ್ದಾಗ, ಅದು ರಾಷ್ಟ್ರೀಯ ಸಂರಕ್ಷಿತ ಪ್ರದೇಶವಾಯಿತು. ರಕ್ಷಣೆ ಗಟ್ಟಿಯಾಗಲೆಂದೇ ಮಾಡಿದ್ದು. ಆದರೆ ತೀರ್ಮಾನ ಮಾಡುವ ಅಧಿಕಾರ ದ್ವೀಪದವರ ಕೈಯಿಂದ ಮಂಡಳಿಯೊಂದಕ್ಕೆ ಹೋಯಿತು. ನಾವೇ ಕಾದ ಕಡಲಿನಲ್ಲಿ ನಮ್ಮ ಮಾತೇ ನಡೆಯುತ್ತಿಲ್ಲವೆಂದು ಜನ ದೂರಿದರು. ಆ ದೂರಿನಲ್ಲಿ ನ್ಯಾಯವಿದೆ ಎಂದೇ ನಮ್ಮ ಅನಿಸಿಕೆ: ದಡದಲ್ಲಿ ಕುಳಿತು ಕಾಯುವವನಿಗೆ ಕಡಲು ತನ್ನದೆನಿಸದಿದ್ದರೆ ಅವನು ಎಷ್ಟು ದಿನ ಕುಳಿತಾನು?

2011 ಮತ್ತು 2012ರ ಡಿಸೆಂಬರ್ ತಿಂಗಳ ಎರಡು ಚಂಡಮಾರುತಗಳು ಕಾವಲಿನ ಜಾಗದ ಹವಳವನ್ನು ಬಹುಮಟ್ಟಿಗೆ ಒಡೆದುಹಾಕಿದವು. ಮೂವತ್ತು ವರ್ಷ ಕಾದದ್ದು ಅಲೆಗಳಿಗೆ ಸಿಕ್ಕಿ ಕಲ್ಲುರಾಶಿಯಾಯಿತು. ಮೀನು ಹಿಡಿಯುವವರಿಗೆ ಮೊದಲೇ ಮುಚ್ಚಿದ್ದ ಆ ಜಾಗವನ್ನು ಆನಂತರ ಮುಳುಗಿ ನೋಡಲು ಬರುವ ಪ್ರವಾಸಿಗರಿಗೂ ಮುಚ್ಚಲಾಯಿತು, ಹವಳ ಮತ್ತೆ ಚಿಗುರಲೆಂದು.